ಸ್ವಂತ ಉದ್ಯೋಗಕ್ಕೆ ಮೊದಲು ಸ್ವಂತ ಕೂಲಿಯ ಲೆಕ್ಕ

(ಗ್ರಾಮಮಟ್ಟದ ಕಾರ್ಯಕರ್ತರೊಬ್ಬರು ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟ, ರೋಗ ಇವುಗಳ ವಿಚಾರವಾಗಿ ನಿಮ್ಮೊಡನೆ ಅನೇಕ ಸಲ ಮಾತನಾಡಿದ್ದೇನೆ. ಈ ದಿನ ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಬೆಳೆ ನೋಡಲು ನಿಮ್ಮ ಹೊಲಕ್ಕೆ ಬಂದಾಗ ಬೆಳೆಯ ಮಾತು ಮುಗಿದ ಮೇಲೆ ನಿಮ್ಮಲ್ಲಿ ಬಹುಮಂದಿ ಕೇಳುವ ಪ್ರಶ್ನೆ ಒಂದೇ: "ನಮ್ಮ ಹುಡುಗ ಓದು ಮುಗಿಸಿ ಮನೆಯಲ್ಲೇ ಇದ್ದಾನೆ. ಏನಾದರೂ ದಾರಿ ಇದೆಯೇ?" ಈ ಪ್ರಶ್ನೆಗೆ ರಸ್ತೆಬದಿಯಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಆದ್ದರಿಂದ ಎಲ್ಲರೂ ಸೇರಿರುವಾಗ ವಿವರವಾಗಿ ಹೇಳುತ್ತೇನೆ. ವಯಸ್ಸಿನಲ್ಲಿ ನಾನು ನಿಮ್ಮ ಮಕ್ಕಳ ಸಾಲಿನವನು. ತಿಳಿದಷ್ಟನ್ನು ಮುಂದಿಡುತ್ತೇನೆ, ತೂಗಿ ನೋಡುವವರು ನೀವು.

ಮೊದಲು ಒಂದು ಮಾತು. ಕೆಲಸ ಸಿಗದಿರುವುದು ನಿಮ್ಮ ಮನೆಯೊಂದರ ಕಥೆಯಲ್ಲ. 2017–18ರಲ್ಲಿ ಸರ್ಕಾರವೇ ನಡೆಸಿದ ಸಮೀಕ್ಷೆಯಲ್ಲಿ ದೇಶದಲ್ಲಿ ಕೆಲಸ ಹುಡುಕುವವರೂ ಮಾಡುವವರೂ ಸೇರಿ ನೂರು ಮಂದಿಯಾದರೆ ಆರು ಮಂದಿಗೆ ಕೆಲಸವಿರಲಿಲ್ಲ. 15ರಿಂದ 29 ವರ್ಷದವರನ್ನು ಮಾತ್ರ ತೆಗೆದುಕೊಂಡರೆ ಈ ಲೆಕ್ಕ ನೂರಕ್ಕೆ ಸುಮಾರು 18. ಮುಂದೆ 2020ರ ಮಾರ್ಚಿಯಲ್ಲಿ ಕೊರೋನಾ ಬೀಗ ಬಿದ್ದಿತು. ಆ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ಪಟ್ಟಣಗಳಲ್ಲಿ ನೂರಕ್ಕೆ ಸುಮಾರು 21 ಮಂದಿ ಕೆಲಸವಿಲ್ಲದವರಾದರು. ಗಂಟುಮೂಟೆ ಕಟ್ಟಿಕೊಂಡು ಊರಿಗೆ ಮರಳಿದವರನ್ನು ನೀವೇ ಕಂಡಿದ್ದೀರಿ. ಹಾಗಾಗಿ ಕೆಲಸ ಸಿಗದ ಮಗನನ್ನು ಸೋಮಾರಿ ಎಂದು ಹಂಗಿಸಬೇಡಿ. ಹಾಗೆಯೇ, "ಹೊಲ ಮಾರಿ ಇಷ್ಟು ಲಕ್ಷ ಕೊಡಿ, ಸರ್ಕಾರಿ ಕೆಲಸ ಕೊಡಿಸುತ್ತೇನೆ" ಎಂದು ಬರುವ ಮಧ್ಯವರ್ತಿಯನ್ನು ಜಗಲಿಯ ಮೇಲೂ ಕೂರಿಸಬೇಡಿ. ಕೆಲಸವೂ ಬಾರದು, ಹೊಲವೂ ಉಳಿಯದು.

ಅನಂತರದ ವರ್ಷಗಳಲ್ಲಿ ನಿರುದ್ಯೋಗದ ಅಂಕಿ ಇಳಿಯಿತು. ಆದರೆ ಅದು ಇಳಿದ ಬಗೆಯನ್ನು ಗಮನಿಸಬೇಕು. 2017–18ರಲ್ಲಿ ದುಡಿಯುವ ನೂರು ಮಂದಿಯಲ್ಲಿ 52 ಮಂದಿ ಸ್ವಂತ ಉದ್ಯೋಗದವರು. 2023–24ರಲ್ಲಿ 58 ಮಂದಿ. ಇದನ್ನು ಕೇಳಿ ಸಂತೋಷಪಡುವ ಮೊದಲು ಇನ್ನೊಂದು ಲೆಕ್ಕ ಕೇಳಿ. ಈ ಸ್ವಂತ ಉದ್ಯೋಗದವರ ಪಟ್ಟಿಯಲ್ಲಿಯೇ, ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಕೂಲಿಯಿಲ್ಲದೆ ಕೈಜೋಡಿಸುವವರನ್ನೂ ಸೇರಿಸುತ್ತಾರೆ. ಅವರು ಮೊದಲು ನೂರಕ್ಕೆ ಸುಮಾರು 14 ಮಂದಿ ಇದ್ದರು; 2023–24ರಲ್ಲಿ 19 ಮಂದಿ. ಅಂದರೆ ಒಬ್ಬ ಮಾಡಬಹುದಾದ ಕೆಲಸಕ್ಕೆ ಇಬ್ಬರು ನಿಂತರೂ ಸಮೀಕ್ಷೆಯ ಕಾಗದದಲ್ಲಿ ಇಬ್ಬರಿಗೂ ಉದ್ಯೋಗವಿದೆ. ಆದರೆ ಮನೆಯ ಡಬ್ಬಿಯಲ್ಲಿ ದುಡ್ಡು ಹೆಚ್ಚಲಿಲ್ಲ.

ಈ ದಿನ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಮಾಡುವವನ ಕೂಲಿ ಹುಟ್ಟದ ಕೆಲಸ ಸ್ವಂತ ಉದ್ಯೋಗವಲ್ಲ. ಹಾಗಾದರೆ ಕೂಲಿ ಹುಟ್ಟುವ ಕೆಲಸವನ್ನು ಹುಡುಕುವುದು ಹೇಗೆ?

ಅದಕ್ಕೆ ದೂರ ಹೋಗಬೇಕಾಗಿಲ್ಲ. ನಿಮ್ಮ ಊರಿನ ದುಡ್ಡು ಯಾವ ಯಾವ ದಾರಿಯಲ್ಲಿ ಊರು ಬಿಟ್ಟು ಹೋಗುತ್ತಿದೆ ಎಂಬುದನ್ನು ಒಂದು ತಿಂಗಳು ಗಮನಿಸಿ. ಪಂಪುಸೆಟ್ಟಿನ ಮೋಟಾರು ಸುಟ್ಟರೆ ಗಾಡಿಯಲ್ಲಿ ಹಾಕಿಕೊಂಡು ತಾಲ್ಲೂಕು ಪೇಟೆಗೆ ಓಡುತ್ತೀರಿ. ಔಷಧಿ ಹೊಡೆಯುವ ಯಂತ್ರ ಕೆಟ್ಟರೂ ಅಲ್ಲಿಗೇ. ರವಿಕೆ ಹೊಲಿಸಲು ಹೆಣ್ಣುಮಕ್ಕಳು ಬಸ್ಸು ಹತ್ತುತ್ತಾರೆ. ಟೊಮೆಟೊ, ಮೆಣಸಿನಕಾಯಿ ಸಸಿ ಬೇಕಾದರೆ ಮುಂಗಡ ಕೊಟ್ಟು ದೂರದ ನರ್ಸರಿಯಿಂದ ತರುತ್ತೀರಿ. ರೇಷ್ಮೆ ಬೆಳೆಯುವ ಸೀಮೆಯಲ್ಲಿ ಎರಡನೆಯ ಜ್ವರದವರೆಗೆ ಸಾಕಿದ ಹುಳುವನ್ನು ಚಾಕಿ ಕೇಂದ್ರದಿಂದ ಕೊಳ್ಳುತ್ತಾರೆ. ಇವೆಲ್ಲ ಈಗಾಗಲೇ ನೀವು ಕೈಯಿಂದ ದುಡ್ಡು ಕೊಡುತ್ತಿರುವ ಕೆಲಸಗಳು. ಹೊಸದಾಗಿ ಗಿರಾಕಿಯನ್ನು ಹುಟ್ಟಿಸಬೇಕಾಗಿಲ್ಲ. ಪಕ್ಕದ ಊರಿನವನು ಕೋಳಿ ಸಾಕಿದನೆಂದು ಕೋಳಿ, ಟಿ.ವಿ.ಯಲ್ಲಿ ಅಣಬೆ ತೋರಿಸಿದರೆಂದು ಅಣಬೆ, ಹೀಗೆ ಹೊರಡಬಾರದು. ಕೊಳ್ಳುವವನು ಯಾರೆಂದು ಗೊತ್ತಾದ ಮೇಲೆ ಮಾಡುವ ವಸ್ತು ಯಾವುದೆಂದು ನಿರ್ಧರಿಸಬೇಕು.

ನನಗೆ ಚೆನ್ನಾಗಿ ತಿಳಿದಿರುವ ಕೆಲಸವೆಂದರೆ ಸಸಿ ಬೆಳೆಸುವುದು. ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡು ಲೆಕ್ಕ ಹಾಕೋಣ.

ಟೊಮೆಟೊವನ್ನು ಸಾಲಿನಿಂದ ಸಾಲಿಗೆ 4 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟು ನೆಟ್ಟರೆ ಎಕರೆಗೆ ಸುಮಾರು 7,200 ಸಸಿ ಬೇಕು. 98 ಗುಳಿಗಳಿರುವ ಪ್ಲಾಸ್ಟಿಕ್ ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೊಂದು ಬೀಜ ಹಾಕುತ್ತಾರೆ. ಮೊಳೆಯದ್ದು, ಸತ್ತದ್ದು ಕಳೆದರೆ ಎಕರೆಗೆ 80ಕ್ಕೂ ಹೆಚ್ಚು ಟ್ರೇ ಹಾಕಬೇಕು. ಬೀಜ ಹಾಕಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಮೊಳಕೆ ಕಾಣುತ್ತಲೇ ತಡಮಾಡದೆ ನೆರಳು ಪರದೆಯ ಕೆಳಗೆ ಹರಡಬೇಕು. ಸುತ್ತಲೂ ಸಣ್ಣ ಕಣ್ಣಿನ ಕೀಟಪರದೆ ಕಟ್ಟದಿದ್ದರೆ ಬಿಳಿನೊಣ ಒಳಗೆ ಬರುತ್ತದೆ. ಅದು ಎಲೆ ಮುದುರು ರೋಗದ ನಂಜನ್ನು ಎಳೆಯ ಸಸಿಗೇ ಹತ್ತಿಸುತ್ತದೆ. ಅಂಥ ಸಸಿಯನ್ನು ನೆಟ್ಟ ರೈತನಿಗೆ ಬೆಳೆ ಕೈಸೇರುವುದಿಲ್ಲ. ಟೊಮೆಟೊ ಸಸಿ 21ರಿಂದ 25 ದಿನಕ್ಕೆ, ಮೆಣಸಿನ ಸಸಿ 35ರಿಂದ 40 ದಿನಕ್ಕೆ ನಾಟಿಗೆ ಬರುತ್ತದೆ. ಕೊನೆಯ ಕೆಲವು ದಿನ ನೀರನ್ನೂ ನೆರಳನ್ನೂ ಕಡಿಮೆ ಮಾಡಿ ಸಸಿಯನ್ನು ಗಟ್ಟಿಮಾಡಬೇಕು.

ಈಗ ದುಡ್ಡಿನ ಲೆಕ್ಕ. ಇಲ್ಲಿ ಹೇಳುವ ದರಗಳು ಲೆಕ್ಕದ ರೀತಿಯನ್ನು ತೋರಿಸಲು ಹಿಡಿದವು. ನಿಮ್ಮ ಊರಿನ ದರವನ್ನು ನೀವೇ ಹಾಕಿಕೊಳ್ಳಿ.

ಒಬ್ಬ ಹುಡುಗ 25 ದಿನದಲ್ಲಿ 20,000 ಸಸಿ ಬೆಳೆಸಿ, ಸಸಿಗೆ ಒಂದು ರೂಪಾಯಿಯಂತೆ ಮಾರಿದನೆನ್ನೋಣ. ಬಂದದ್ದು 20,000 ರೂಪಾಯಿ. ಬೀಜಕ್ಕೆ 5,500, ನಾರಿನ ಪುಡಿಗೆ 4,500, ಟ್ರೇ ಸವೆತಕ್ಕೆ 1,000, ಔಷಧಿ ಮತ್ತು ನೀರಿಗೆ 1,000, ಒಟ್ಟು ಖರ್ಚು 12,000 ರೂಪಾಯಿ. ಉಳಿದದ್ದು 8,000. ಮನೆಯವರೆಲ್ಲ "ಎಂಟು ಸಾವಿರ ಲಾಭ" ಎಂದು ಹಿಗ್ಗುತ್ತಾರೆ. ಆದರೆ ಅದೇ ಹುಡುಗ 25 ದಿನ ಬೇರೆಯವರಲ್ಲಿ ದಿನಕ್ಕೆ 400 ರೂಪಾಯಿಯಂತೆ ದುಡಿದಿದ್ದರೆ 10,000 ತರುತ್ತಿದ್ದ. ಆದ್ದರಿಂದ ಇದು ಎಂಟು ಸಾವಿರ ಲಾಭವಲ್ಲ, ಎರಡು ಸಾವಿರ ನಷ್ಟ.

ಹಾಗೆಂದು ಕೆಲಸ ಬಿಡಬೇಕೇ? ಬೇಡ. ಅದೇ ಪರದೆಯ ಕೆಳಗೆ, ಅದೇ 25 ದಿನದಲ್ಲಿ, ಅವನೊಬ್ಬನೇ 40,000 ಸಸಿ ನೋಡಿಕೊಳ್ಳಬಲ್ಲನಾದರೆ ಬರುವುದು 40,000. ಖರ್ಚು ಎರಡರಷ್ಟಾಗಿ 24,000. ಉಳಿದ 16,000ದಲ್ಲಿ ಅವನ ಕೂಲಿ 10,000 ತೆಗೆದರೂ 6,000 ಮಿಕ್ಕಿತು. ಪರದೆಮನೆಯ ಸಾಲದ ಕಂತು ಕಟ್ಟಲು, ಮುಂದಿನ ಬಿತ್ತನೆಗೆ ಕೂಡಿಡಲು ಈ ಹಣವೇ ಆಧಾರ. ಕಸುಬು ಒಂದೇ, ದರವೂ ಒಂದೇ. ಎಷ್ಟು ಮಾರಿದರೆ ತನ್ನ ಕೂಲಿ ಹೊರಡುತ್ತದೆ ಎಂಬ ಅಂಕಿ ಗೊತ್ತಿದ್ದವನು ಉಳಿಯುತ್ತಾನೆ. ಗೊತ್ತಿಲ್ಲದವನು ಎರಡು ವರ್ಷ ಹೆಣಗಿ, ಟ್ರೇಗಳನ್ನು ಅಟ್ಟಕ್ಕೆ ಹಾಕಿ ಪೇಟೆಯ ಬಸ್ಸು ಹಿಡಿಯುತ್ತಾನೆ.

ಇನ್ನೊಂದು ಎಚ್ಚರಿಕೆ. ಸಸಿಯೆಂದರೆ ರಾಗಿಯಲ್ಲ, ಕಣಜದಲ್ಲಿ ಇಟ್ಟು ಬೆಲೆ ಬಂದಾಗ ಮಾರುವುದಕ್ಕೆ. ನಾಟಿಯ ದಿನ ಮೀರಿದರೆ ಬೇರು ಗುಳಿಯಲ್ಲೇ ಸುತ್ತಿಕೊಂಡು ಸಸಿ ಬಲಿತುಹೋಗುತ್ತದೆ. ಟೊಮೆಟೊ ಬೆಲೆ ಬಿದ್ದ ವಾರ ಸಸಿ ಕೇಳುವವರೇ ಇರುವುದಿಲ್ಲ. ಆದ್ದರಿಂದ ಬೀಜ ಹಾಕುವ ಮೊದಲೇ ರೈತರ ಬೇಡಿಕೆ ಬರೆದುಕೊಂಡು ಮುಂಗಡ ಪಡೆಯಬೇಕು. ಯಾವ ತಳಿ, ಎಷ್ಟು ಸಸಿ, ಯಾವ ದಿನ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಬೇಕು. ಒಂದು ತಳಿ ಹೇಳಿ ಇನ್ನೊಂದು ಕೊಟ್ಟರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನರ್ಸರಿ ನಡೆಸಲು ಬೇಕಾದ ನೋಂದಣಿಯ ವಿಚಾರವನ್ನು ತೋಟಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ.

ತಮ್ಮಂದಿರೇ, ತಂಗಿಯರೇ, ಯಾವ ಕಸುಬೇ ಆಗಲಿ, ಕಲಿಯದೆ ಕೈಹಾಕಬೇಡಿ. ಕಲಿಯಲು ನಮ್ಮ ನಾಡಿನಲ್ಲಿಯೇ ಒಳ್ಳೆಯ ವ್ಯವಸ್ಥೆ ಬೆಳೆದುಬಂದಿದೆ. 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳು ಸೇರಿ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆ ತೆರೆದವು. ಕೆಲಸವಿಲ್ಲದ ಹಳ್ಳಿಯ ಯುವಕರಿಗೆ ಊಟ, ವಸತಿ ಕೊಟ್ಟು, ಶುಲ್ಕವಿಲ್ಲದೆ ಕಸುಬು ಕಲಿಸುವುದು ಅದರ ಪದ್ಧತಿ. ಕಲಿಸಿದ ಮೇಲೆ ಕೈಬಿಡದೆ, ಕಸುಬು ಹೇಗೆ ನಡೆದಿದೆ ಎಂದು ವಿಚಾರಿಸುತ್ತಿರುವುದೂ ಆ ಪದ್ಧತಿಯ ಭಾಗ. ಇದೇ ಮಾದರಿಯನ್ನು ಕೇಂದ್ರ ಸರ್ಕಾರ ಮುಂದೆ ದೇಶಕ್ಕೆಲ್ಲ ತೆಗೆದುಕೊಂಡಿತು. ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಹೀಗೆ ಹುಟ್ಟಿದವು. ಹೈನುಗಾರಿಕೆ, ಹೊಲಿಗೆ, ಮೋಟಾರು ರಿಪೇರಿ ಮುಂತಾದ ತರಬೇತಿಗಳಲ್ಲಿ ಯಾವುದು ಯಾವಾಗ ನಡೆಯುತ್ತದೆಂದು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ. ತಂದೆತಾಯಿಗಳು ಗಂಡುಮಕ್ಕಳನ್ನು ಮಾತ್ರವಲ್ಲ, ಹೆಣ್ಣುಮಕ್ಕಳನ್ನೂ ಕಳುಹಿಸಿರಿ. ಟ್ರೇಗೆ ಬೀಜ ಹಾಕುವ ಕೈ ಹೆಚ್ಚಾಗಿ ಅವರದೇ. ಲೆಕ್ಕದ ಪುಸ್ತಕವೂ ಅವರ ಕೈಯಲ್ಲಿರಬಹುದು.

ತರಬೇತಿಯಾದ ಮೇಲೆ ಸಾಲದ ಮಾತು. "ಸಬ್ಸಿಡಿ ಇದೆಯಂತೆ" ಎಂಬುದರಿಂದ ಉದ್ಯೋಗದ ಯೋಚನೆ ಶುರುವಾಗಬಾರದು. 2008ರಲ್ಲಿ ಬಂದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವನ್ನು ನೋಡಿ. ಹಳ್ಳಿಯ ಸಾಮಾನ್ಯ ವರ್ಗದವರಿಗೆ ಯೋಜನೆಯ ಮೊತ್ತದಲ್ಲಿ ನೂರಕ್ಕೆ 25, ಮಹಿಳೆಯರು ಮತ್ತು ಹಿಂದುಳಿದ, ಪರಿಶಿಷ್ಟ ವರ್ಗದವರಿಗೆ ನೂರಕ್ಕೆ 35 ಸಹಾಯಧನವೆಂದು ಅದರಲ್ಲಿ ಗೊತ್ತುಮಾಡಿದರು. ಆದರೆ ಆ ಹಣ ಕೈಗೆ ಬರುವುದಲ್ಲ. ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು, ಕಸುಬು ನಡೆಯುತ್ತಿದ್ದರೆ ಸಾಲಕ್ಕೆ ಜಮೆಯಾಗಬೇಕೆಂಬುದು ನಿಯಮ. ಉಳಿದ ಸಾಲವನ್ನು ದುಡಿದೇ ತೀರಿಸಬೇಕು. ಸಹಾಯಧನಕ್ಕಾಗಿ ಕಸುಬು ಹಿಡಿದವನ ಕೈಯಲ್ಲಿ ಕೊನೆಗೆ ಉಳಿಯುವುದು ಸಾಲದ ಚೀಟಿ. ಸಣ್ಣ ರಿಪೇರಿ ಅಂಗಡಿ, ಹೊಲಿಗೆ ಯಂತ್ರ ಇಂಥವುಗಳಿಗೆ 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿವರೆಗಿನ ಶಿಶು ಸಾಲವನ್ನು ಜಮೀನು ಅಡವಿಡದೆ ಕೊಡುವ ಏರ್ಪಾಡು ಮಾಡಿದರು. ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ. ಮಧ್ಯವರ್ತಿಯನ್ನು ಕೇಳದೆ ಬ್ಯಾಂಕಿನವರನ್ನೇ ಕೇಳಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಮೊದಲ ವರ್ಷ 100 ಟ್ರೇ ಸಾಕು, ಗಿರಾಕಿ ನಿಂತಮೇಲೆ 400 ಮಾಡಿ. ಊಟದ ಹೊಲವನ್ನು ಮಾತ್ರ ಪಣಕ್ಕೆ ಒಡ್ಡಬೇಡಿ.

ಇನ್ನು ಒಂದು ಹತ್ತು ರೂಪಾಯಿಯ ನೋಟುಪುಸ್ತಕ ಕೊಳ್ಳಿ. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಬಲಗಡೆಯ ಮೊದಲ ಸಾಲಿನಲ್ಲಿಯೇ ನಿಮ್ಮ ಕೂಲಿಯನ್ನು ಬರೆಯಿರಿ. ಅಪ್ಪನ ಜಾಗ, ಅಣ್ಣನ ಟ್ರ್ಯಾಕ್ಟರು ಬಳಸಿದರೆ ಅದರ ಬಾಡಿಗೆಯನ್ನೂ ಬರೆಯಿರಿ. ಮನೆಯವರಿಗೆ ಬಾಡಿಗೆ ಬರೆಯುವುದು ಅವಮಾನವಲ್ಲ. ನಾಳೆ ಅಣ್ಣತಮ್ಮಂದಿರು ಪಾಲಾಗುವ ದಿನ "ನಾನು ದುಡಿದೆ, ನೀನು ತಿಂದೆ" ಎಂಬ ಜಗಳವನ್ನು ತಡೆಯುವುದು ಈ ಪುಸ್ತಕವೇ. ತಂದೆಯಾದವರೂ ಗಮನಿಸಬೇಕು. ಮಗ ಸಂಪಾದಿಸಿದ ಮೊದಲ ದುಡ್ಡನ್ನೆಲ್ಲ ಮನೆಯ ಹಬ್ಬಕ್ಕೂ ಹಳೆಯ ಸಾಲಕ್ಕೂ ಎಳೆದುಕೊಂಡರೆ ಮುಂದಿನ ಬಾರಿ ಬೀಜ ಕೊಳ್ಳಲು ಅವನ ಕೈಯಲ್ಲಿ ಏನೂ ಇರದು. ಕೂಲಿ ಮನೆಗೆ ಬರಲಿ, ಬಂಡವಾಳ ಕಸುಬಿನಲ್ಲೇ ಉಳಿಯಲಿ.

ಕೊನೆಯದಾಗಿ ಹಿರಿಯರಾದ ನಿಮ್ಮಲ್ಲಿ ಒಂದು ಬಿನ್ನಹ. ಊರಿನ ಹುಡುಗನೊಬ್ಬ ಕಸುಬು ತೆರೆದರೆ ಅದು ಉಳಿಯುವುದೂ ಅಳಿಯುವುದೂ ಬಹುಪಾಲು ನಿಮ್ಮ ಕೈಯಲ್ಲಿದೆ. ಪೇಟೆಯ ಅಂಗಡಿಯವನಿಗೆ ದುಡ್ಡು ಎಣಿಸಿ ಕೊಟ್ಟು ಮೋಟಾರು ತರುವ ನಾವು, ನಮ್ಮೂರ ಹುಡುಗನಿಗೆ "ಸುಗ್ಗಿಗೆ ನೋಡೋಣ ಕಣಪ್ಪಾ" ಎನ್ನುತ್ತೇವೆ. ಅವನು ಚಿಕ್ಕಪ್ಪ, ದೊಡ್ಡಪ್ಪ, ಮಾವ ಎಂದು ಕರೆಯುವವರಲ್ಲಿ ಬಾಯಿಬಿಟ್ಟು ಕೇಳಲಾರ. ಇಂಥ ಹತ್ತು ಉದ್ರಿ ಸೇರಿದರೆ ಆ ಅಂಗಡಿಯ ಬಾಗಿಲು ಮುಚ್ಚಿತೆಂದೇ ತಿಳಿಯಿರಿ. ನೀವು ಅವನಿಗೆ ದಾನ ಕೊಡಬೇಕಾಗಿಲ್ಲ. ಕೆಲಸ ಕೆಟ್ಟದ್ದಾದರೆ ಮುಖದ ಮೇಲೆ ಹೇಳಿ, ತಿದ್ದಿಸಿ. ಕೆಲಸ ಸರಿಯಾಗಿದ್ದರೆ ಪೇಟೆಯವನಿಗೆ ಕೊಡುವ ದರವನ್ನೇ, ಪೇಟೆಯವನಿಗೆ ಕೊಡುವ ಹಾಗೆಯೇ, ಅಂದೇ ಕೊಡಿ.

ಈ ವಾರ ನಿಮ್ಮ ಮನೆಯಲ್ಲಿ ಕುಳಿತು ಒಂದು ಪಟ್ಟಿ ಮಾಡಿ: ಕಳೆದ ಒಂದು ವರ್ಷದಲ್ಲಿ ಊರಾಚೆ ಯಾವ ಕೆಲಸಕ್ಕೆ ಎಷ್ಟು ದುಡ್ಡು ಕೊಟ್ಟಿರಿ? ಹತ್ತು ಮನೆಗಳ ಪಟ್ಟಿ ಸೇರಿಸಿದರೆ ಒಬ್ಬ ಹುಡುಗನಿಗೋ ಹುಡುಗಿಗೋ ವರ್ಷವಿಡೀ ಕೂಲಿ ಹುಟ್ಟುವ ಕೆಲಸ ಯಾವುದೆಂದು ಅದರಲ್ಲೇ ಕಾಣಬಹುದು. ಪಟ್ಟಿಯನ್ನು ಮುಂದಿನ ಸಭೆಗೆ ತನ್ನಿ. ಎಲ್ಲರೂ ಕೂತು ಲೆಕ್ಕ ಹಾಕೋಣ.