ಮೆತ್ತನೆ ಮಾತಿಗೆ ಮಾರುಹೋಗಬೇಡಿ!

ದೇವರಾಯನದುರ್ಗದ ಬೆಟ್ಟ ಹತ್ತಿ ಬಂದ ಕನ್ನಡದ ಗೆಳೆಯರೇ,

ನಾನು ಭಾಷಣಕಾರನಲ್ಲ. ಪಿಯುಸಿವರೆಗೆ ಓದಿ ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಕರಡು ತಿದ್ದುವಾಗ ಅಕ್ಷರದ ಅಂದ ನೋಡಿದರೆ ಸಾಲದು, ಏನು ಬರೆದಿದೆ ಎಂದು ನೋಡಬೇಕು. ರಾಜಕಾರಣಿಯ ಮಾತನ್ನೂ ಹಾಗೇ ನೋಡಿ.

2017ರ ಫೆಬ್ರವರಿ 28ರಂದು ಟ್ರಂಪ್ ಎಂದಿನ ಕೂಗಾಟ ಬಿಟ್ಟು ಅಮೆರಿಕದ ಸಂಸತ್ತಿನಲ್ಲಿ ಸಮಾಧಾನದಿಂದ ಮಾತಾಡಿದರು. ಟೀಕಾಕಾರ ವ್ಯಾನ್ ಜೋನ್ಸ್ ಕೂಡ ಟೀವಿಯಲ್ಲಿ, ಆ ಕ್ಷಣ ಅವರು ಅಧ್ಯಕ್ಷರಾದರು ಎಂದು ಹೊಗಳಿದರು. ನಾಲ್ಕೇ ದಿನ! ಒಬಾಮಾ ತಮ್ಮ ಫೋನ್ ಕದ್ದು ಕೇಳಿಸಿದರೆಂದು ಪುರಾವೆಯಿಲ್ಲದ ಆರೋಪ ಹೊರಿಸಿದರು.

ಅಮೆರಿಕ ದೂರವಾಯಿತೇ? ನಮ್ಮ ಕಥೆ ಕೇಳಿ. ದೇಶವನ್ನು ಒಗ್ಗೂಡಿಸಬಲ್ಲ ಭಾಷೆ ಹಿಂದಿ ಎಂದು 2019ರ ಸೆಪ್ಟೆಂಬರ್ 14ರಂದು ಗೃಹ ಸಚಿವ ಅಮಿತ್ ಶಾ ಹೇಳಿದರು. ಕನ್ನಡಿಗರು ಸಿಡಿದೆದ್ದರು. ಅವರದೇ ಪಕ್ಷದ ಮುಖ್ಯಮಂತ್ರಿ ಯಡಿಯೂರಪ್ಪನವರೂ ಕನ್ನಡದ ವಿಷಯದಲ್ಲಿ ರಾಜಿಯಿಲ್ಲ ಎನ್ನಬೇಕಾಯಿತು. 18ರಂದು ಶಾ ದನಿ ಇಳಿಯಿತು: ಹೇರಿ ಎಂದಿಲ್ಲ, ಎರಡನೇ ಭಾಷೆಯಾಗಿ ಕಲಿಯಿರಿ ಎಂದೆ, ನಾನೂ ಹಿಂದಿಯೇತರ ಗುಜರಾತಿನವನು!

ಸರಿ, ದನಿ ಇಳಿಯಿತು. ಹಿಂದಿಯನ್ನು ಬೆಳೆಸುವುದು ಕೇಂದ್ರದ ಕರ್ತವ್ಯ ಎನ್ನುವ ಸಂವಿಧಾನದ 351ನೇ ವಿಧಿಯಲ್ಲಿ ಒಂದಕ್ಷರ ಬದಲಾಯಿತೇ? ಇಲ್ಲ. 2022ರ ಏಪ್ರಿಲ್‌ನಲ್ಲಿ ಅದೇ ಶಾ, ಸ್ಥಳೀಯ ಭಾಷೆಗಳ ಬದಲಿಗಲ್ಲ, ಇಂಗ್ಲಿಷ್ ಬದಲಿಗೆ ಹಿಂದಿ ಒಪ್ಪಿ ಎಂದರು.

ದನಿ ಇಳಿಸಿದ್ದು ಅವರ ದೊಡ್ಡತನವಲ್ಲ, ನಿಮ್ಮ ಒಗ್ಗಟ್ಟು. ಅದನ್ನು ಹೊಗಳಿಕೆಯಲ್ಲಿ ಕಳೆಯಬೇಡಿ. ನಮ್ಮ ನಾಯಕರಿಗೂ ಇದೇ ಅಳತೆಗೋಲು ಇರಲಿ: ವೇದಿಕೆಯಲ್ಲಿ ಗುಡುಗಿದವರೆಲ್ಲ ಕನ್ನಡದ ಕೆಲಸ ಮಾಡಿದವರಲ್ಲ. ಯಾರೇ ಮಾತಾಡಲಿ, ಒಂದೇ ಪ್ರಶ್ನೆ ಕೇಳಿ: ಆದೇಶ ಎಲ್ಲಿ?

ಅದು ಅಚ್ಚಾಗಿ ಬಂದ ದಿನ ಚಪ್ಪಾಳೆ ತಟ್ಟೋಣ.

ಸಿರಿಗನ್ನಡಂ ಗೆಲ್ಗೆ!