ಮೊದಲ ವೇದಿಕೆಗೆ ಯಾವ ಬ್ಲೂಸ್?



ಗಿಟಾರ್ ಕಲಿಯುತ್ತಿರುವ ಹುಡುಗ ಹುಡುಗಿಯರು ಚಿತ್ರದುರ್ಗದಲ್ಲಿದ್ದಾರೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲೂ ಇದ್ದಾರೆ. ಸಿನಿಮಾ ಹಾಡು, ಭಾವಗೀತೆಗಳು ಕೈಗೆ ಹತ್ತಿದ ಮೇಲೆ ಕೆಲವರಿಗೆ ಜಾಝ್ ಕಡೆ ಮನಸ್ಸು ಹೋಗುತ್ತದೆ. ಜಾಝ್ ಕಲಿಯುವವರಿಗೆ ಒಳ್ಳೆಯ ಹೆಬ್ಬಾಗಿಲು ಬ್ಲೂಸ್. ಕಾಲೇಜಿನ ವಾರ್ಷಿಕೋತ್ಸವದಲ್ಲೋ ಊರಿನ ಕಾರ್ಯಕ್ರಮದಲ್ಲೋ ಮೊದಲ ಸಲ ನುಡಿಸುವ ವಿದ್ಯಾರ್ಥಿಗೆ ಯಾವ ಬ್ಲೂಸ್ ಆರಿಸಬೇಕು ಎಂಬುದೇ ಇವತ್ತಿನ ವಿಷಯ.

ಬ್ಲೂಸ್ ಅಮೆರಿಕದ ಕಪ್ಪು ಜನರ ದುಡಿಮೆಯ ಹಾಡು, ಪ್ರಾರ್ಥನೆ ಮತ್ತು ಸಂಕಟಗಳಿಂದ ಬೆಳೆದು ಬಂದ ಸಂಗೀತ. ಅದರ ಸಾಮಾನ್ಯ ರೂಪದಲ್ಲಿ 12 ಬಾರ್‌ಗಳು, ಒಂದೊಂದಕ್ಕೆ 4 ಎಣಿಕೆ, ಒಟ್ಟು 48. ಈ 48 ಎಣಿಕೆ ಮೂರು ಸಾಲುಗಳಾಗಿ ಒಡೆಯುತ್ತದೆ, ಸಾಲಿಗೆ 16. ತಬಲಾ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು: ತೀನ್‌ತಾಲದ ಮೂರು ಆವರ್ತನ ಮುಗಿದರೆ ಬ್ಲೂಸಿನ ಒಂದು ಸುತ್ತು ಮುಗಿಯಿತು. ಹಾಡುವ ಬ್ಲೂಸಿನಲ್ಲಿ ಸಾಮಾನ್ಯವಾಗಿ ಮೊದಲ ಸಾಲನ್ನೇ ಎರಡನೆಯ ಸಲ ಹೇಳಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಒಬ್ಬರು ಹೇಳಿದ್ದನ್ನು ಮತ್ತೊಬ್ಬರು ಎತ್ತಿಕೊಂಡು ಹಾಡುವ ಸೋಬಾನೆ ಪದ ಕೇಳಿ ಬೆಳೆದವರಿಗೆ ಈ ಮರುಕಳಿಕೆ ಅಪರಿಚಿತವಲ್ಲ. ಜಾಝ್ ಕಲಾವಿದರು ಮೊದಲು ಧಾಟಿಯನ್ನು ನುಡಿಸುತ್ತಾರೆ, ಆಮೇಲೆ ಅದೇ 48 ಎಣಿಕೆಯ ಮೇಲೆ ತಮ್ಮ ಮನೋಧರ್ಮವನ್ನು ವಿಸ್ತರಿಸುತ್ತಾರೆ, ಕೊನೆಗೆ ಮತ್ತೆ ಧಾಟಿಗೆ ಬರುತ್ತಾರೆ.

ಆಯ್ಕೆಗೆ ನನ್ನ ಮೊದಲ ಪರೀಕ್ಷೆ ಕಂಠದ್ದು. ಗಿಟಾರನ್ನು ಪಕ್ಕಕ್ಕಿಟ್ಟು, ಕೈಯಲ್ಲಿ ತಾಳ ಹಾಕುತ್ತಾ ವಿದ್ಯಾರ್ಥಿ ಆ ಧಾಟಿಯನ್ನು ಹಾಡಲಿ. ಹಾಡಲು ಬಂದರೆ ಅದು ಅವನದು. ಹಾಡಲು ಬಾರದೆ ಬೆರಳಿನ ಅಭ್ಯಾಸದ ಮೇಲಷ್ಟೇ ನಿಂತ ಧಾಟಿ ವೇದಿಕೆಯ ಗಾಬರಿಯಲ್ಲಿ ಮರೆತುಹೋಗುತ್ತದೆ.

ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುವುದು ಡ್ಯೂಕ್ ಎಲಿಂಗ್ಟನ್ ಅವರ ‘ಸಿ ಜ್ಯಾಮ್ ಬ್ಲೂಸ್’. ಇಡೀ ಧಾಟಿಯಲ್ಲಿ ಎರಡೇ ಸ್ವರ, ಪಂಚಮ ಮತ್ತು ಮೇಲಿನ ಷಡ್ಜ. ಸ್ವರ ಎರಡೇ ಆದ್ದರಿಂದ ಲಯ ಸ್ವಲ್ಪ ತಪ್ಪಿದರೂ ಎದ್ದು ಕಾಣುತ್ತದೆ. ವಿದ್ಯಾರ್ಥಿ ಕಾಲಪ್ರಮಾಣ ಕಲಿಯುವುದು ಅಲ್ಲಿಯೇ. ಎರಡನೆಯದು ಸನ್ನಿ ರಾಲಿನ್ಸ್ ಅವರ ‘ಸನ್ನಿಮೂನ್ ಫಾರ್ ಟೂ’. ಅದು ಇಳಿದು ಬರುವುದು ನಮ್ಮ ಶುದ್ಧ ಧನ್ಯಾಸಿಯ ಐದು ಸ್ವರಸ್ಥಾನಗಳ ಮೇಲೆ. ಕರ್ನಾಟಕ ಸಂಗೀತ ಕೇಳಿದ ಮನೆಯ ಮಕ್ಕಳಿಗೆ ಇದು ಬೇಗ ಒಲಿಯುತ್ತದೆ. ಗಾಂಧಾರದ ತಂತಿಯನ್ನು ಕೊಂಚ ಎಳೆದು ನುಡಿಸುವ ಬ್ಲೂಸಿನ ರೀತಿಯೂ ಗಮಕ ಬಲ್ಲ ಕಿವಿಗೆ ಹಿಡಿಸುತ್ತದೆ.

ಎರಡನೆಯ ಪರೀಕ್ಷೆ ಎಡಗೈಯದು. ಧಾಟಿ ಬಂದರೂ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಿಸುವಾಗ ಕೈ ತಡವರಿಸಿದರೆ ಲಯ ಮುರಿಯುತ್ತದೆ. ಇದಕ್ಕೆ ಜಾಝ್ ಗಿಟಾರ್ ವಾದಕರಲ್ಲಿ ಸರಳ ದಾರಿಯಿದೆ: ಆರು ತಂತಿಯ ದೊಡ್ಡ ಕಾರ್ಡ್ ಬಿಟ್ಟು ಮೂರು ಸ್ವರಗಳ ಚಿಕ್ಕ ಕಾರ್ಡ್ ಹಿಡಿಯುವುದು. ಜಿ ಶ್ರುತಿಯ ಬ್ಲೂಸ್ ತೆಗೆದುಕೊಳ್ಳಿ. ಆರನೆಯ ತಂತಿಯ ಮೂರನೆಯ ಮನೆ (ಫ್ರೆಟ್), ನಾಲ್ಕನೆಯ ತಂತಿಯ ಮೂರನೆಯ ಮನೆ, ಮೂರನೆಯ ತಂತಿಯ ನಾಲ್ಕನೆಯ ಮನೆ ಹಿಡಿದರೆ ಜಿ ಸೆವೆನ್ತ್. ನಾಲ್ಕನೆಯ ಮತ್ತು ಮೂರನೆಯ ತಂತಿಯ ಮೇಲಿರುವ ಎರಡು ಬೆರಳನ್ನು ಒಂದು ಮನೆ ಹಿಂದಕ್ಕೆ ಸರಿಸಿ, ಐದನೆಯ ತಂತಿಯ ಮೂರನೆಯ ಮನೆಯಲ್ಲಿ ಆಧಾರಸ್ವರ ಹಿಡಿದರೆ ಸಿ ಸೆವೆನ್ತ್. ಜಿಯಿಂದ ಅದೇ ಎರಡು ಬೆರಳನ್ನು ಒಂದು ಮನೆ ಮುಂದಕ್ಕೆ ಸರಿಸಿ, ಐದನೆಯ ತಂತಿಯ ಐದನೆಯ ಮನೆಯನ್ನು ಆಧಾರ ಮಾಡಿದರೆ ಡಿ ಸೆವೆನ್ತ್. ಬ್ಲೂಸಿನ ಮೂರು ಮುಖ್ಯ ಕಾರ್ಡುಗಳೂ ನಾಲ್ಕು ಮನೆಗಳ ಒಳಗೇ ಸಿಕ್ಕವು. ಬಹುತೇಕ ಬಾರ್‌ಗಳಲ್ಲಿ ಎರಡೆರಡು ಕಾರ್ಡ್ ಬರುವ ಚಾರ್ಲಿ ಪಾರ್ಕರ್ ಅವರ ‘ಬ್ಲೂಸ್ ಫಾರ್ ಆಲಿಸ್’ ಅತ್ಯಂತ ಸುಂದರವಾದದ್ದು, ಆದರೆ ಮೊದಲ ವೇದಿಕೆಗೆ ಬೇಡ. ಪಾರ್ಕರ್ ಅವರದ್ದೇ ಬೇಕೆಂದರೆ 1945ರ ‘ನೌಸ್ ದ ಟೈಮ್’ ಇದೆ.

ಮೂರನೆಯದು ಪಕ್ಕವಾದ್ಯ. ನಮ್ಮ ಊರುಗಳಲ್ಲಿ ಡ್ರಮ್ಸ್ ನುಡಿಸುವವರಿಗಿಂತ ತಬಲಾ, ಢೋಲಕ್ ನುಡಿಸುವವರು ಬೇಗ ಸಿಗುತ್ತಾರೆ. ಅದನ್ನು ಕೊರತೆ ಎಂದು ತಿಳಿಯಬೇಕಾಗಿಲ್ಲ. ಗಿಟಾರ್ ವಾದಕ ಕೆನ್ನಿ ಬರೆಲ್ ಅವರ ‘ಚಿಟ್ಲಿನ್ಸ್ ಕಾನ್ ಕಾರ್ನೆ’ 1963ರಲ್ಲಿ ಧ್ವನಿಮುದ್ರಣವಾದಾಗ ಅದರಲ್ಲಿ ಪಿಯಾನೊ ಇರಲಿಲ್ಲ. ಡ್ರಮ್ಸ್ ಜೊತೆಗೆ ಕೈಯಲ್ಲಿ ಬಾರಿಸುವ ಕಾಂಗಾ ಇತ್ತು. ಆ ಜಾಗದಲ್ಲಿ ನಮ್ಮ ಢೋಲಕ್ ಚೆನ್ನಾಗಿ ಕೂರುತ್ತದೆ. ಮೈಲ್ಸ್ ಡೇವಿಸ್ ಅವರ 1959ರ ‘ಆಲ್ ಬ್ಲೂಸ್’ ಆರು ಎಣಿಕೆಯ ನಡೆಯದು, ತಬಲಾದವರು ದಾದ್ರಾ ಹಿಡಿಯಬಹುದು. ಇಂಥ ಕೂಡಿಕೆಗೆ ಕರ್ನಾಟಕದಲ್ಲಿ ಮೇಲ್ಪಂಕ್ತಿಯಿದೆ. ಟಿ.ಎ.ಎಸ್. ಮಣಿ ಅವರ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ತಂದಿತು. ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥ್ ಅವರು ಅಮೆರಿಕದಲ್ಲಿ ಬೆಳೆದ ಕನ್ನಡ ಮೂಲದ ಜಾಝ್ ಕಲಾವಿದ ರುದ್ರೇಶ್ ಮಹಂತಪ್ಪ ಅವರೊಡನೆ 2008ರ ‘ಕಿನ್ಸ್‌ಮೆನ್’ನಲ್ಲಿ ನುಡಿಸಿದರು. ಅದೇ ರುದ್ರೇಶ್ ಮುಂದೆ ಚಾರ್ಲಿ ಪಾರ್ಕರ್ ಸಂಗೀತದಿಂದ ಪ್ರೇರಣೆ ಪಡೆದು ‘ಬರ್ಡ್ ಕಾಲ್ಸ್’ ಮಾಡಿದರು.

ಇನ್ನು ಸಮಯದ ಲೆಕ್ಕ. ನಿಮಿಷಕ್ಕೆ 120 ಎಣಿಕೆಯ ಕಾಲದಲ್ಲಿ ಒಂದು ಸುತ್ತಿಗೆ 24 ಸೆಕೆಂಡು, ನಾಲ್ಕು ನಿಮಿಷಕ್ಕೆ ಹತ್ತು ಸುತ್ತು. ಎರಡು ಸುತ್ತು ಧಾಟಿ, ನಾಲ್ಕು ಸುತ್ತು ಗಿಟಾರಿನ ವಿಸ್ತಾರ, ಎರಡು ಸುತ್ತು ಪಕ್ಕವಾದ್ಯಕ್ಕೆ, ಕೊನೆಗೆ ಎರಡು ಸುತ್ತು ಮತ್ತೆ ಧಾಟಿ. ಹೊಸಬರಿಗೆ ಇಷ್ಟು ಧಾರಾಳ. ಮೂರು ಕೃತಿ ನುಡಿಸುವ ಅವಕಾಶ ಸಿಕ್ಕರೆ ಮೂರೂ ಒಂದೇ ಶ್ರುತಿ, ಒಂದೇ ವೇಗದಲ್ಲಿ ಇರಬಾರದು. ಒಂದು ಮಧ್ಯಮ ಕಾಲದ್ದು, ಒಂದು ಆರು ಎಣಿಕೆಯದು, ಒಂದು ಜಾನ್ ಕೋಲ್ಟ್ರೇನ್ ಅವರ ‘ಈಕ್ವಿನಾಕ್ಸ್’‌ನಂಥ ನಿಧಾನದ ಗಂಭೀರ ಧಾಟಿ ಇದ್ದರೆ ಕೇಳುವವರಿಗೂ ದಣಿವಾಗದು.

ಕೇಳುವವರ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ನಮ್ಮ ಸೀಮೆಯ ಪ್ರೇಕ್ಷಕರು ಸಾಮಾನ್ಯರಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ನಾಟಕೋತ್ಸವದಲ್ಲಿ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಕುಳಿತು ವಚನ ಗಾಯನವನ್ನೂ ಹೊಸ ನಾಟಕವನ್ನೂ ಆಸ್ಥೆಯಿಂದ ಕೇಳುವ ಜನ ಇವರು. ಅವರಿಗೆ ಬ್ಲೂಸ್ ಹೊಸದಿರಬಹುದು. ನುಡಿಸುವ ಮುಂಚೆ ಕನ್ನಡದಲ್ಲಿ ಎರಡು ಮಾತು ಪರಿಚಯ ಹೇಳಿ, ಧಾಟಿಯನ್ನು ಎರಡು ಸಲ ಸ್ಪಷ್ಟವಾಗಿ ಕೇಳಿಸಿದರೆ ಅವರು ಜೊತೆಗೆ ಬರುತ್ತಾರೆ.

ಗಿಟಾರ್ ಕಲಿಸುವ ಗುರುಗಳಲ್ಲಿ, ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟೇ. ಕಷ್ಟದ ಕೃತಿ ನುಡಿಸಿ ಹೆಸರು ಮಾಡಲಿ ಎಂದು ಮಕ್ಕಳನ್ನು ಅವಸರಪಡಿಸಬೇಡಿ. ಹಾಡಲು ಬರುವ ಒಂದು ಸರಳ ಬ್ಲೂಸನ್ನು ತಾಳ ತಪ್ಪದೆ, ಮನಸ್ಸಿಟ್ಟು ನುಡಿಸಲಿ. ಅದನ್ನು ಚೆನ್ನಾಗಿ ನುಡಿಸಿದ ವಿದ್ಯಾರ್ಥಿ ಮುಂದಿನ ವರ್ಷ ಕಷ್ಟದ್ದನ್ನು ತಾನೇ ಕೇಳಿ ಕಲಿಯುತ್ತಾನೆ.