ಓದದೆ ಹಾಕಿದ ರುಜು



ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಹೈದರಾಬಾದಿಗೆ ಬಂದ ಹೊಸದರಲ್ಲಿ ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದೆ. ಇಂಗ್ಲಿಷಿನಲ್ಲಿದ್ದ ಕಾಗದವೊಂದಕ್ಕೆ ಓದಲಾರದೆ ರುಜು ಹಾಕಿದೆ. ಎರಡು ತಿಂಗಳ ಸಂಬಳ ಮುಟ್ಟಿದೆಯೆಂದು ಅದರಲ್ಲಿತ್ತು. ನನಗೆ ಒಂದು ಕಾಸೂ ಮುಟ್ಟಿರಲಿಲ್ಲ.

ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರೂ ಇಂಥ ನೋವು ಉಂಡವರೇ. ಪರದೇಶದವರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ, ಅಕ್ಷರ ಕಲಿಯದ ಅವರಿಗೆ ಉತ್ತರ ಹೇಳಲಾಗಲಿಲ್ಲ. ತಮ್ಮೂರು ನ್ಯೂಪಡ್ಪುವಿನ ಮಕ್ಕಳಿಗೆ ಈ ಗತಿ ಬಾರದಿರಲೆಂದು ದಿನದ ಗಳಿಕೆಯಲ್ಲಿ ದುಡ್ಡು ಉಳಿಸಿದರು. ಕಚೇರಿಯಿಂದ ಕಚೇರಿಗೆ ಅಲೆದರು. 2000ದ ಆಸುಪಾಸಿನಲ್ಲಿ 28 ಮಕ್ಕಳಿಂದ ಮದರಸದ ಕಟ್ಟಡದಲ್ಲಿ ಶಾಲೆ ಶುರುವಾಯಿತು. ಮುಂದೆ ಅದು ಪ್ರೌಢಶಾಲೆಯಾಗಿ ಬೆಳೆಯಿತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿಯವರಿಂದ ಅದನ್ನು ಬರಿಗಾಲಲ್ಲೇ ಹೋಗಿ ಪಡೆದರು.

ಜನ ಇದನ್ನು ಪವಾಡವೆನ್ನುತ್ತಾರೆ. ನಾನು ಹೇಳುವುದಿಷ್ಟೇ: ದಾನಿಗಳೂ ಸರಕಾರವೂ ಕೈ ಜೋಡಿಸಿದ್ದು ಹೌದು, ಆದರೆ ಮೊದಲ ಹೆಜ್ಜೆ ಬುಟ್ಟಿ ಹೊತ್ತವನದು.

ಓದದೆ ರುಜು ಹಾಕುವ ಹುಡುಗರು ಇಂದಿಗೂ ನಮ್ಮ ನಡುವೆ ಇದ್ದಾರೆ. ಮಧ್ಯಾಹ್ನದ ಊಟದ ಗಿರಾಕಿ ಮುಗಿದ ಮೇಲೆ, ಸಂಜೆಯ ಕಾಫಿಗೆ ಮುಂಚೆ, ನಮಗೆ ಒಂದು ಗಂಟೆ ಬಿಡುವುಂಟು. ವಾರದಲ್ಲಿ ಮೂರು ದಿನ ನನ್ನ ಆ ಗಂಟೆಯನ್ನು ಹುಡುಗರಿಗೆ ಕೊಡುತ್ತೇನೆ. ನನಗೆ ಬರುವ ಇಂಗ್ಲಿಷು ಅಷ್ಟಕ್ಕಷ್ಟೇ. ಹೆಚ್ಚು ಬಲ್ಲ ಇಬ್ಬರು ನನ್ನೊಡನೆ ಬನ್ನಿ. ಗಿರಣಿಯ ಸೋದರರು ಪಾಳಿ ನೋಡಿಕೊಂಡು ಬರಲಿ.

ಮೊದಲ ಪಾಠ: ಸಂಬಳದ ಚೀಟಿ ಓದುವುದು.